ವೀರಗಲ್ಲಿನ ಮೂರು ನೆಲೆಗಳು ಮತ್ತು ಶರಣರ ವೀರಕಲ್ಪನೆ

ಕನ್ನಡ ನಾಡಿನ ಹಳ್ಳಿಗಳನ್ನು ಸುತ್ತಿದವರಿಗೆ ವೀರಗಲ್ಲು ಅಪರಿಚಿತವಾದ ವಸ್ತುವಲ್ಲ. ಊರ ಅಗಸೆಯ ಬಳಿ, ಕೆರೆಯ ಏರಿಯ ಮೇಲೆ, ಹಾಳುಬಿದ್ದ ಶಿವಾಲಯದ ಪ್ರಾಕಾರದಲ್ಲಿ, ಹೊಲದ ಬದುವಿನಲ್ಲಿ ಈ ಕಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಕೆಲವು ಕಲ್ಲುಗಳಿಗೆ ಎಣ್ಣೆ, ಅರಿಸಿನ, ಕುಂಕುಮಗಳ ಪೂಜೆ ಸಲ್ಲುತ್ತದೆ. ಪೂಜಿಸುವವರಿಗೆ ಅದು ಯಾವ ದೇವರೆಂಬುದು ತಿಳಿದಿರುವುದಿಲ್ಲ. ಕೆಲವು ಕಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿಯೋ ಚರಂಡಿಯ ಮುಚ್ಚಳವಾಗಿಯೋ ಪರಿಣಮಿಸಿವೆ. ಪೂಜೆಗೊಂಡ ಕಲ್ಲಿಗೂ ತುಳಿತಕ್ಕೊಳಗಾದ ಕಲ್ಲಿಗೂ ಒದಗಿರುವ ಗತಿ ಒಂದು ದೃಷ್ಟಿಯಿಂದ ಒಂದೇ ಎನ್ನಬೇಕು: ಯಾರ ಸಾವನ್ನು ನೆನೆಯಲೆಂದು ಅದನ್ನು ನಿಲ್ಲಿಸಿದರೋ ಆತನ ಹೆಸರು ಎರಡೂ ಕಡೆಗಳಲ್ಲಿ ಮರೆತುಹೋಗಿದೆ.

ವೀರಗಲ್ಲುಗಳ ಶೋಧ ಮತ್ತು ವರ್ಗೀಕರಣ ಕನ್ನಡದಲ್ಲಿ ಶಾಸ್ತ್ರೀಯವಾಗಿಯೇ ನಡೆದಿದೆ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ಈ ಶಾಸನಗಳನ್ನು ಬೆಳಕಿಗೆ ತಂದವು, ಡಾ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಡಾ. ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’, ಡಾ. ಎಂ. ಎಂ. ಕಲಬುರ್ಗಿಯವರ ‘ಸಮಾಧಿ-ಬಲಿದಾನ-ವೀರಮರಣ ಸ್ಮಾರಕಗಳು’ ಮುಂತಾದ ಕೃತಿಗಳು ಅವುಗಳ ಹಿಂದಿನ ಸಮಾಜವನ್ನು ನಮಗೆ ಕಾಣಿಸಿಕೊಟ್ಟವು. ಪ್ರಕೃತ ಲೇಖನದ ಉದ್ದೇಶ ಆ ಕೆಲಸವನ್ನು ಪುನರಾವರ್ತಿಸುವುದಲ್ಲ. ವೀರಗಲ್ಲನ್ನು ಒಂದು ಸಾಹಿತ್ಯಕೃತಿಯಂತೆ ಓದಿ, ಅದರ ಭಾವನೆಯನ್ನು ವಚನಕಾರರ ವೀರಕಲ್ಪನೆಯೊಡನೆ ಎದುರುಬದುರಾಗಿ ಇರಿಸಿದರೆ ಯಾವ ಅರ್ಥ ಹೊರಡುತ್ತದೆ ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿಯ ಪ್ರಯತ್ನ.

೧

ಸಾಮಾನ್ಯವಾದ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೊಮ್ಮೆ ಕುದುರೆ, ಆನೆ, ತುರುಗೋಳಿನ ಕಲ್ಲಾದರೆ ಒಂದು ಬದಿಯಲ್ಲಿ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ತೋಳಿನಿಂದ ಹಿಡಿದೋ ವಿಮಾನದಲ್ಲಿ ಕುಳ್ಳಿರಿಸಿಯೋ ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಕೈಲಾಸ: ನಡುವೆ ಲಿಂಗ, ಒಂದು ಬದಿಯಲ್ಲಿ ಪೂಜೆಗೈಯುವ ಆಚಾರ್ಯ, ಇನ್ನೊಂದು ಬದಿಯಲ್ಲಿ ಕೈಮುಗಿದು ಕುಳಿತ ವೀರ, ಬಳಿಯಲ್ಲಿ ನಂದಿ. ಎಲ್ಲಕ್ಕೂ ಮೇಲೆ ಸೂರ್ಯ-ಚಂದ್ರರು. ಅವರಿರುವ ತನಕ ಈ ಕೀರ್ತಿಯೂ ಈ ದತ್ತಿಯೂ ನಡೆಯಲಿ ಎಂಬುದು ಅದರ ಸಂಕೇತ.

ಈ ಕಥನದ ಸಂಕ್ಷಿಪ್ತತೆ ಗಮನಾರ್ಹವಾದುದು. ಮಹಾಕಾವ್ಯವು ಹಲವು ಆಶ್ವಾಸಗಳಲ್ಲಿ ಹೇಳುವ ಯುದ್ಧ, ಮರಣ, ಸದ್ಗತಿಗಳನ್ನು ಹೆಸರಿಲ್ಲದ ಶಿಲ್ಪಿ ಆಳೆತ್ತರದ ಒಂದು ಬಂಡೆಯಲ್ಲಿ ಅಡಗಿಸಿದ್ದಾನೆ. ಜೊತೆಗಿನ ಬರಹವೂ ಹಾಗೆಯೇ: ಯಾರ ಆಳ್ವಿಕೆಯಲ್ಲಿ, ಯಾವ ಊರಲ್ಲಿ, ಯಾರ ಮಗ, ಯಾವ ಕಾರಣಕ್ಕಾಗಿ ಕಾದಿ ಸತ್ತ, ಕಲ್ಲನ್ನು ಯಾರು ನಿಲ್ಲಿಸಿದರು — ಇಷ್ಟೇ. ಪಂಪ, ರನ್ನರ ಕಾವ್ಯಗಳಲ್ಲಿ ವೀರನಾದವನು ಅರಸ ಅಥವಾ ಅರಸನಿಗೆ ಸಮಾನನಾದವನು. ವೀರಗಲ್ಲಿನಲ್ಲಾದರೋ ಊರಿನ ಗೌಡ, ದನ ಕಾಯುವವ, ಸಾಮಾನ್ಯ ಆಳು ಇವರೂ ನಾಯಕರಾಗುತ್ತಾರೆ. ಇವುಗಳಲ್ಲಿ ಎಷ್ಟೋ ಕಲ್ಲುಗಳು ಅರಸರ ಮಹಾಯುದ್ಧಗಳವಲ್ಲ. ತುರುಗೋಳ್, ಊರಳಿವು, ಪೆಣ್ಬುಯ್ಯಲ್ — ಎಂದರೆ ದನಗಳ ಸೆರೆ, ಊರಿನ ಲೂಟಿ, ಹೆಂಗಸರ ಮಾನಕ್ಕೆ ಬಂದ ಆಪತ್ತು — ಇಂತಹ ಸಂದರ್ಭಗಳಲ್ಲಿ ಎದೆಗೊಟ್ಟು ನಿಂತವರವು. ಆಸ್ಥಾನದ ಕಾವ್ಯ ಹೆಸರಿಸದ ಜನರನ್ನು ಹೆಸರಿಸಿ ಉಳಿಸಿದ ಕಾರಣದಿಂದ ವೀರಗಲ್ಲನ್ನು ಕನ್ನಡದ ಜನಸಾಮಾನ್ಯರ ಚರಿತ್ರೆಯೆಂದು ಕರೆದರೆ ತಪ್ಪಾಗಲಾರದು.

೨

ಮಡಿದವನನ್ನು ಗೌರವಿಸುವುದು ಕೇವಲ ಕಲ್ಲು ನಿಲ್ಲಿಸುವುದರಿಂದ ಮುಗಿಯುತ್ತಿರಲಿಲ್ಲ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನವು, ಸುಮಾರು ಕ್ರಿ.ಶ. ೪೫೦ರದೆಂದು ಸಾಮಾನ್ಯವಾಗಿ ಎಣಿಸಲಾಗಿರುವುದು, ವಿಜ ಅರಸನೆಂಬ ಯೋಧನಿಗೆ ‘ಬಾಳ್ಗಳ್ಚು’ ಆಗಿ ಊರುಗಳನ್ನು ಕೊಟ್ಟ ಸಂಗತಿಯನ್ನೇ ಹೇಳುತ್ತದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ನೆತ್ತರಾದ ಕತ್ತಿಯನ್ನು ತೊಳೆದು ಮಾಡುವ ಸನ್ಮಾನ ಅದು. ನಮ್ಮ ನುಡಿಯ ಲಿಖಿತ ಪರಂಪರೆಯ ಹೊಸ್ತಿಲಲ್ಲಿಯೇ ಯೋಧನ ಋಣವನ್ನು ತೀರಿಸುವ ಮಾತು ಇದೆಯೆಂಬುದನ್ನು ನಾವು ಮರೆಯಬಾರದು. ಮುಂದಿನ ಶಾಸನಗಳಲ್ಲಿ ಬರುವ ‘ಕಲ್ನಾಡು’, ‘ನೆತ್ತರುಗೊಡಗೆ’ ಎಂಬ ಮಾತುಗಳು ಈ ಭಾವನೆಯವೇ. ಸತ್ತವನಿಗೆ ಕಲ್ಲು, ಉಳಿದವರಿಗೆ ನೆಲ.

ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಪ್ರಸಿದ್ಧ ವೀರಗಲ್ಲನ್ನು ನೋಡಿದವರು ಅದರಲ್ಲಿ ಕಿಕ್ಕಿರಿದ ಕಾಳಗದ ಚಿತ್ರಗಳನ್ನು ಕಂಡು ಬೆರಗಾಗುತ್ತಾರೆ. ಆದರೆ ಬರಹದ ತಿರುಳು ಬೇರೆ. ನಾಗತ್ತರನು ತುಂಬೆಪಾಡಿಯ ಕಾಳಗದಲ್ಲಿ ಮಡಿದ ಸುದ್ದಿಯನ್ನು ಕೇಳಿದ ಗಂಗರ ಎರೆಯಪ್ಪನು ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂಬುದು ಅದರ ಸಾರ. ಬೆಂಪೂರೇ ಇಂದಿನ ಬೇಗೂರು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (ಕ್ರಿ.ಶ. ೯೪೯-೫೦) ಇನ್ನೂ ಸ್ವಾರಸ್ಯವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಮಹಾಯುದ್ಧದ ಹಿನ್ನೆಲೆ ಅಲ್ಲಿದೆ. ಆದರೆ ಕಲ್ಲು ನಿಂತಿರುವುದು ಆ ಗೆಲವಿಗಾಗಿ ಅಲ್ಲ. ಬೂತುಗನ ಮೆಚ್ಚಿನ ಆಳಾದ ಮಣಲೇರನು ಬಹುಮಾನವಾಗಿ ಬೇಡಿ ಪಡೆದ ‘ಕಾಳಿ’ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುದರ ಸ್ಮಾರಕವಾಗಿ ಅದು ನಿಂತಿದೆ. ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟರು. ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ವಿಧಿಸಿದರು. ಒಂದು ನಾಯಿಯ ಸಾವಿಗೂ ಸಲ್ಲಬೇಕಾದ ಋಣ ಸಂದಿತು. ಸಂಪತ್ತನ್ನು ಕೇಳದೆ ನಾಯಿಯನ್ನು ಕೇಳಿದ ಆಳು, ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆಯಿಸಿದ ಆ ಕಾಲ, ಎರಡರಲ್ಲಿಯೂ ನಮಗೆ ಅರ್ಥವಾಗುವಂತಹ ಮನುಷ್ಯತ್ವವಿದೆ.

೩

ಇಷ್ಟನ್ನು ಹೇಳಿದ ಮೇಲೆ ಭಕ್ತವಲಯದಲ್ಲಿ ಆಗಾಗ ಕೇಳಿಬರುವ ಒಂದು ಮಾತನ್ನು ಪರಿಶೀಲಿಸಬೇಕು. ವೀರಗಲ್ಲಿನ ಮೇಲ್ಭಾಗದಲ್ಲಿ ಲಿಂಗವಿರುವುದರಿಂದ ಅದು ವೀರಶೈವದ ಸಂಕೇತ ಎಂಬುದು ಆ ಮಾತು. ಅಭಿಮಾನದ ದೃಷ್ಟಿಯಿಂದ ಇದು ಹಿತವಾಗಿ ತೋರಬಹುದು. ವಿಮರ್ಶೆಯ ದೃಷ್ಟಿಯಿಂದ ನಿಲ್ಲಲಾರದು. ಹನ್ನೆರಡನೆಯ ಶತಮಾನಕ್ಕೆ ಬಹು ಮುಂಚಿನಿಂದಲೂ ಇಂತಹ ಕಲ್ಲುಗಳಿವೆ. ಜೈನ ವೀರನ ಕಲ್ಲಿನಲ್ಲಿ ಲಿಂಗದ ಜಾಗದಲ್ಲಿ ಜಿನಮೂರ್ತಿಯಿರುವುದುಂಟು. ಚೌಕಟ್ಟು ಎಲ್ಲರದು; ಮೇಲಿನ ನೆಲೆಯಲ್ಲಿ ಕೂಡುವ ದೈವ ಮಾತ್ರ ಅವರವರದು. ಅಲ್ಲದೆ ಅಲ್ಲಿ ಕಾಣುವುದು ಪೀಠದ ಮೇಲಿನ ಸ್ಥಾವರಲಿಂಗ. ವೀರನಿಗೂ ಲಿಂಗಕ್ಕೂ ನಡುವೆ ಪೂಜೆಗೈಯುವ ಆಚಾರ್ಯನಿದ್ದಾನೆ. ಅಂಗೈಯ ಇಷ್ಟಲಿಂಗವನ್ನು ತಾನೇ ಅರ್ಚಿಸುವ ಶರಣನ ನಿಲವಿಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ‘ವೀರ’ ಎಂಬ ಮಾತು ಎರಡು ಕಡೆಯೂ ಇದೆಯೆಂದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ತಿಳಿಯಲಾಗದು.

ಹಾಗಾದರೆ ಶರಣರಿಗೂ ಈ ವೀರಪರಂಪರೆಗೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದನ್ನು ಶಿಲ್ಪದಲ್ಲಿ ಹುಡುಕುವುದಕ್ಕಿಂತ ನುಡಿಯಲ್ಲಿ ಹುಡುಕುವುದು ಮೇಲು.

೪

ಅಂದಿನ ಯೋಧಸಮಾಜದಲ್ಲಿ ಎರಡು ಬಗೆಯ ನಿಷ್ಠೆಗಳಿದ್ದವು. ಒಡೆಯನ ಅನ್ನವನ್ನುಂಡ ಋಣಕ್ಕಾಗಿ ಅವನ ಪರವಾಗಿ ಕಾದುವವನು ಜೋಳವಾಳಿ. ‘ಜೋಳದ ಪಾಳಿ’ ಎಂಬ ಮಾತು ಪಂಪನ ಕಾವ್ಯವನ್ನು ಓದಿದವರಿಗೆ ಪರಿಚಿತ. ಒಡೆಯನಿಗೆ ಸಾವು ಬಂದ ವೇಳೆಗೆ ತಾನೂ ಸಾಯುವೆನೆಂದು ಪ್ರತಿಜ್ಞೆಗೈದವನು ವೇಳೆವಾಳಿ. ಈ ಎರಡನೆಯ ನಿಷ್ಠೆಯ ಪರಾಕಾಷ್ಠೆಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕಂಬದಲ್ಲಿ ಕಾಣಬಹುದು. ಕ್ರಿ.ಶ. ೧೨೨೦ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕನಾದ ಕುವರ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆಯೂ ತನ್ನ ಆಳುಗಳೊಡನೆಯೂ ಪ್ರಾಣತ್ಯಾಗ ಮಾಡಿದನೆಂಬುದನ್ನು ಆ ಕಂಬ ಸಾರುತ್ತದೆ. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುವ ಆಳುಗಳ ಚಿತ್ರಗಳೂ ಅದರ ಮೇಲಿವೆ.

ಬಸವಣ್ಣನವರ ಒಂದು ಪುಟ್ಟ ವಚನದಲ್ಲಿ ಈ ಎರಡು ಪಾರಿಭಾಷಿಕ ಪದಗಳೂ ಒಟ್ಟಿಗೆ ಬರುತ್ತವೆ. ತಾವು ಜೋಳವಾಳಿಯೆಂದು ಒಪ್ಪಿಕೊಳ್ಳುವ ಬಸವಣ್ಣನವರು ವೇಳೆವಾಳಿಯಲ್ಲವೆಂದು ನಿರಾಕರಿಸುತ್ತಾರೆ. ಬೆನ್ನು ತೋರಿಸಿ ಓಡುವ ಆಳೂ ತಾವಲ್ಲವೆನ್ನುತ್ತಾರೆ. ಕಡೆಯಲ್ಲಿ ಮರಣವನ್ನು ಮಹಾನವಮಿಯ ಹಬ್ಬವಾಗಿ ಕಾಣುತ್ತಾರೆ. ವಚನದ ಕಡೆಯ ಮಾತು ನಾಣ್ನುಡಿಯಂತೆ ಎಲ್ಲರ ಬಾಯಲ್ಲಿದೆ. ಮೊದಲ ಮಾತಿನ ಕಡೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಒಂದು ನಿಷ್ಠೆಯನ್ನು ಅಂಗೀಕರಿಸಿ ಇನ್ನೊಂದನ್ನು ಬಿಟ್ಟುದೇಕೆ?

ವೇಳೆವಾಳಿ ಎಂಬುದನ್ನು ‘ವೇಳೆಗೆ ತಕ್ಕಂತೆ ನಡೆಯುವ ಸಮಯಸಾಧಕ’ ಎಂದು ಸರಳವಾಗಿ ಓದಲೂ ಬರುತ್ತದೆ. ಹಾಗೆ ಓದಿದರೆ ವಚನದ ಮೊದಲ ಎರಡು ನಿರಾಕರಣೆಗಳು ಒಂದೇ ಜಾತಿಯವಾಗುತ್ತವೆ: ಸಮಯಸಾಧಕನೂ ಅಲ್ಲ, ಓಡಿಹೋಗುವವನೂ ಅಲ್ಲ. ಈ ಅರ್ಥ ಸುಲಭವಾದರೂ ಪೂರ್ಣತೃಪ್ತಿಯನ್ನು ಕೊಡುವುದಿಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದು ಸೈನ್ಯದ ಒಡನಾಟವಿದ್ದ ರಾಜಧಾನಿಯಲ್ಲಿ ಬಾಳಿದ ಬಸವಣ್ಣನವರಿಗೆ ಈ ಜೋಡಿಪದಗಳ ನಿಜವಾದ ಬಳಕೆ ತಿಳಿಯದಿರಲು ಸಾಧ್ಯವಿಲ್ಲ. ಜೋಳವಾಳಿಯ ಬೆನ್ನಲ್ಲಿಯೇ ವೇಳೆವಾಳಿ ಬಂದಾಗ ಅದನ್ನು ಆ ಬಳಕೆಯ ಬೆಳಕಿನಲ್ಲಿಯೇ ಓದುವುದು ನ್ಯಾಯ.

ಹಾಗೆ ಓದಿದಾಗ ದೊರೆಯುವ ಅರ್ಥ ಗಂಭೀರವಾಗಿದೆ. ವೇಳೆವಾಳಿಯ ಪ್ರತಿಜ್ಞೆಗೆ ಒಡೆಯನ ಸಾವೇ ಆಧಾರ. ಅರಸನು ಸಾಯುವವನು, ಆದುದರಿಂದ ಅವನೊಡನೆ ಸಾಯುವ ವ್ರತ ಸಾಧ್ಯವಾಗುತ್ತದೆ. ಕೂಡಲಸಂಗಮದೇವನನ್ನು ಒಡೆಯನಾಗಿ ವರಿಸಿದವನಿಗೆ ಆ ವ್ರತಕ್ಕೆ ಅವಕಾಶವೇ ಇಲ್ಲ. ಅಳಿವಿಲ್ಲದ ಒಡೆಯನ ಆಳಿಗೆ ಉಳಿಯುವುದು ಒಂದೇ: ಉಂಡ ಅನ್ನದ ಋಣ, ಎಂದರೆ ಪ್ರತಿದಿನದ ಸೇವೆ. ವೇಳೆವಾಳಿಯ ವೀರತ್ವ ಒಂದು ಗಳಿಗೆಯದು. ಜೋಳವಾಳಿಯದು ಬಾಳೆಲ್ಲ ನಡೆಯತಕ್ಕದ್ದು. ಸಾವನ್ನೇ ಗುರಿಯಾಗಿರಿಸಿಕೊಂಡು ಬಾಳುವುದನ್ನು ಬಸವಣ್ಣನವರು ಒಲ್ಲರು. ಸೇವೆಯ ದಾರಿಯಲ್ಲಿ ಬಂದ ಸಾವಿಗೆ ಅಂಜಲೂ ಒಲ್ಲರು. ಮಹಾನವಮಿ ಆಯುಧಪೂಜೆಯ ಹಬ್ಬ, ಯೋಧನು ವರ್ಷವೆಲ್ಲ ಕೆಲಸಮಾಡಿದ ತನ್ನ ಆಯುಧಕ್ಕೆ ಗೌರವ ಸಲ್ಲಿಸುವ ದಿನ. ದಿನದಿನದ ಸೇವೆ ಹಿಂದಿದ್ದರೆ ಮಾತ್ರ ಆ ಹಬ್ಬಕ್ಕೆ ಅರ್ಥ. ವಚನದ ಮೊದಲ ಮಾತನ್ನು ಬಿಟ್ಟು ಕಡೆಯ ಮಾತನ್ನಷ್ಟೇ ಹಿಡಿದರೆ ಅದು ಸಾವಿನ ಹೊಗಳಿಕೆಯಾಗಿಬಿಡುವ ಅಪಾಯವಿದೆ. ನಮ್ಮ ಭಾಷಣಗಳಲ್ಲಿ ಆ ಅಪಾಯ ಸಂಭವಿಸುತ್ತಲೇ ಇದೆ.

೫

ಈಗ ವೀರಗಲ್ಲಿನ ಮೂರು ನೆಲೆಗಳನ್ನು ಮತ್ತೊಮ್ಮೆ ನೋಡಬಹುದು. ಕೆಳಗೆ ಕರ್ಮಭೂಮಿ, ಮೇಲೆ ಕೈಲಾಸ, ನಡುವೆ ಒಯ್ಯುವ ಅಪ್ಸರೆಯರು. ಕೆಳಗಿನ ನೆಲೆಯ ಕಷ್ಟಕ್ಕೆ ಮೇಲಿನ ನೆಲೆ ಪ್ರತಿಫಲ. ಶರಣರು ಈ ಏಣಿಯನ್ನೇ ಒಪ್ಪಲಿಲ್ಲ. ಸ್ವರ್ಗವೂ ನರಕವೂ ಬೇರೊಂದು ಲೋಕದಲ್ಲಿಲ್ಲ, ನಮ್ಮ ಆಚಾರ ಅನಾಚಾರಗಳಲ್ಲಿಯೇ ಇವೆಯೆಂಬುದು ಬಸವಣ್ಣನವರ ನಿಲವು; ಆಯ್ದಕ್ಕಿ ಮಾರಯ್ಯನವರಿಗೆ ಮಾಡುವ ಕಾಯಕವೇ ಕೈಲಾಸವಾಗಿ ಕಂಡಿತು. ಶಿಲ್ಪದ ಭಾಷೆಯಲ್ಲಿ ಹೇಳುವುದಾದರೆ, ಮೇಲಿನ ಪಟ್ಟಿಕೆಯನ್ನು ಅವರು ಕೆಳಗಿನ ಪಟ್ಟಿಕೆಗೇ ಇಳಿಸಿದರು; ನಡುವಿನ ಅಪ್ಸರೆಯರಿಗೆ ಕೆಲಸವಿಲ್ಲದಂತಾಯಿತು. ಮಡಿದ ವೀರನಿಗೆ ಸುರಾಂಗನೆಯರು ದೊರೆಯುವರೆಂಬ ಆಮಿಷ ಶರಣರ ವೀರಕಲ್ಪನೆಯಲ್ಲಿ ಎಲ್ಲಿಯೂ ಇಲ್ಲ.

ಆದರೂ ಶೈವಪರಂಪರೆಯೆಲ್ಲವೂ ಈ ನಿಲವಿಗೆ ಸಮನಾಗಿ ಏರಿತೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ ಮತ್ತು ಶಿಲ್ಪಗಳು ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತಲೆಯನ್ನು ಅರಿದಿಟ್ಟು ಮರಳಿ ಪಡೆದ ಪ್ರಸಂಗವನ್ನು ಭಕ್ತಿಯಿಂದ ದಾಖಲಿಸಿವೆ. ಶಿರಸ್ಸನ್ನು ಅರ್ಪಿಸುವ ವೀರತ್ವದ ಸೆಳೆತ ನಮ್ಮವರಲ್ಲಿಯೂ ಇತ್ತೆಂಬುದನ್ನು ಒಪ್ಪಿಕೊಂಡೇ ಬಸವಣ್ಣನವರ ನಿರಾಕರಣೆಯ ಬೆಲೆಯನ್ನು ಅರಿಯಬೇಕು. ಹಾಗೆಯೇ ವೀರಗಲ್ಲಿನ ಪಕ್ಕದಲ್ಲಿ ನಿಂತಿರುವ ಮಾಸ್ತಿಕಲ್ಲನ್ನೂ ಮರೆಮಾಚಲಾಗದು. ಕಂಬದಿಂದ ಚಾಚಿದ, ಬಳೆ ತೊಟ್ಟ ಆ ಒಂಟಿ ತೋಳಿಗೆ ಕೈಮುಗಿಯುವಾಗ ಅಲ್ಲಿ ಸುಟ್ಟುಹೋದ ಹೆಣ್ಣಿನ ಬದುಕಿಗಾಗಿ ನಾವು ತಲೆತಗ್ಗಿಸಲೂ ಬೇಕು. ಪತಿಯೊಡನೆ ಸಾಯುವ ಈ ವ್ರತವೂ ಸಾಯುವ ಒಡೆಯನನ್ನು ನಂಬಿದುದೇ. ಸಾವುಳ್ಳ ಗಂಡನನ್ನು ಒಲ್ಲೆನೆಂದ ಅಕ್ಕಮಹಾದೇವಿಯವರ ಮಾತು ಈ ಕಲ್ಲಿನ ಮುಂದೆ ಹೊಸ ಅರ್ಥವನ್ನು ಪಡೆಯುತ್ತದೆ.

೬

ಸ್ಥಾವರವು ಅಳಿಯುವುದು, ಜಂಗಮವು ಉಳಿಯುವುದು ಎಂಬ ಶರಣತತ್ತ್ವವನ್ನು ನೆಪವಾಗಿಸಿ ಈ ಕಲ್ಲುಗಳನ್ನು ಕಡೆಗಣಿಸುವವರೂ ಉಂಟು. ಕಲ್ಲು ಅಳಿಯುತ್ತದೆಂಬುದು ನಿಜ. ನಮ್ಮ ಹಳ್ಳಿಗಳೇ ಅದಕ್ಕೆ ಸಾಕ್ಷಿ. ಆದರೆ ಒಂದು ವಿಷಯವನ್ನು ಅವರು ಯೋಚಿಸಬೇಕು. ಜೋಳವಾಳಿ, ವೇಳೆವಾಳಿ ಎಂಬ ಪದಗಳು ಇಂದಿನ ಆಡುನುಡಿಯಲ್ಲಿಲ್ಲ. ಅವುಗಳ ತಿರುಳನ್ನು ನಮಗೆ ಬಿಡಿಸಿಕೊಟ್ಟುದರಲ್ಲಿ ಶಾಸನಗಳ ಪಾಲು ದೊಡ್ಡದು. ಶಾಸನಗಳು ಚರಂಡಿಯ ಪಾಲಾಗಿದ್ದರೆ ಬಸವಣ್ಣನವರ ವಚನದ ಒಂದು ಸಾಲು ನಮ್ಮ ಪಾಲಿಗೆ ಮೂಕವಾಗುತ್ತಿತ್ತು. ಜಂಗಮವಾದ ನುಡಿಗೆ ಸ್ಥಾವರವಾದ ಕಲ್ಲು ಟೀಕೆಯನ್ನು ಬರೆದಿಟ್ಟಿದೆ. ಆದುದರಿಂದ ಊರೂರಿನ ವೀರಗಲ್ಲುಗಳನ್ನು ಗುರುತಿಸಿ, ಓದಿಸಿ, ಹೆಸರನ್ನು ತಿಳಿದು ರಕ್ಷಿಸುವುದು ವಚನವ್ಯಾಸಂಗದ ಒಂದು ಅಂಗವೇ ಆಗಿದೆಯೆಂದು ತಿಳಿಯತಕ್ಕದ್ದು.

ಇಂದಿನ ಸ್ಮಾರಕಗಳ ಸಂಕೇತಗಳು ಬೇರೆಯಾಗಿವೆ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾದ ಕಾಳಗದಲ್ಲಿ ಪಾಲ್ಗೊಂಡ ಮೈಸೂರಿನ ಅಶ್ವಸೈನಿಕರು ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಹೈದರಾಬಾದು ಮತ್ತು ಜೋಧಪುರದವರೊಡನೆ ನಿಂತಿದ್ದಾರೆ. ಅವರು ತೀರಿಸಿದ ಜೋಳದ ಪಾಳಿ ಪರದೇಶದ ಚಕ್ರವರ್ತಿಯದಾಗಿತ್ತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ೧೯೭೨ರ ಜನವರಿ ೨೬ರಂದು ಇಂಡಿಯಾ ಗೇಟಿನಲ್ಲಿ ಅಮರ ಜವಾನ್ ಜ್ಯೋತಿ ಲೋಕಾರ್ಪಣೆಯಾಯಿತು. ತಲೆಕೆಳಗಾದ ಬಂದೂಕು, ಅದರ ಮೇಲೊಂದು ಶಿರಸ್ತ್ರಾಣ, ಆರದ ದೀಪ. ೨೦೧೯ರ ಫೆಬ್ರವರಿ ೨೫ರಂದು ರಾಷ್ಟ್ರೀಯ ಯುದ್ಧಸ್ಮಾರಕ ಉದ್ಘಾಟನೆಗೊಂಡು, ೨೦೨೨ರ ಜನವರಿ ೨೧ರಂದು ಆ ಜ್ಯೋತಿಯು ಅಲ್ಲಿಯ ಜ್ಯೋತಿಯೊಡನೆ ಕೂಡಿತು. ಅಲ್ಲಿಯ ತ್ಯಾಗಚಕ್ರದ ಕಲ್ಲುಗಳಲ್ಲಿ ಮಡಿದವರ ಹೆಸರುಗಳಿವೆ, ಅಪ್ಸರೆಯರಿಲ್ಲ, ಕೈಲಾಸವಿಲ್ಲ. ಸೂರ್ಯ-ಚಂದ್ರರ ಜಾಗವನ್ನು ಆರದ ಜ್ಯೋತಿ ತುಂಬಿದೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ನಿಲ್ಲಿಸಿದ ಎತ್ತರದ ಏಕಶಿಲೆಗೆ ವೀರಗಲ್ಲು ಎಂಬ ಹಳೆಯ ಹೆಸರನ್ನೇ ಇಟ್ಟಿರುವುದು ಉಚಿತವಾಗಿದೆ.

ಆದರೆ ಹಳೆಯ ಹೆಸರಿನೊಡನೆ ಹಳೆಯ ಕರ್ತವ್ಯವೂ ಬರುತ್ತದೆ. ಕಲ್ಲು ನಿಲ್ಲಿಸಿದವರು ಕಲ್ನಾಡನ್ನೂ ಬಿಟ್ಟಿದ್ದರು. ನೆತ್ತರುಗೊಡಗೆಯ ಭೂಮಿ ಸತ್ತವನ ಮಕ್ಕಳ ಒಲೆಯನ್ನು ಉರಿಸುತ್ತಿತ್ತು. ಜೋಳದ ಋಣ ಆಳಿನ ಮೇಲೆ ಮಾತ್ರವಲ್ಲ, ಆಳಿನ ಸಾವಿನಿಂದ ನೆಮ್ಮದಿಯಾಗಿ ಉಣ್ಣುತ್ತಿರುವ ನಮ್ಮೆಲ್ಲರ ಮೇಲೂ ಇದೆ. ಶರಣರು ಇದನ್ನೇ ದಾಸೋಹವೆಂದು ಕರೆದರು. ಯೋಧನ ಮನೆಯ ವಿಧವೆ ಕಚೇರಿಯ ಬಾಗಿಲಲ್ಲಿ ಕಾಯುತ್ತಿರುವಾಗ ನಾವು ಸ್ಮಾರಕದ ಮುಂದೆ ಹೂವನ್ನಿಟ್ಟು ಬಂದರೆ, ಮೇಲಿನ ಪಟ್ಟಿಕೆಯನ್ನು ಅಲಂಕರಿಸಿ ಕೆಳಗಿನ ಪಟ್ಟಿಕೆಯನ್ನು ಮರೆತಂತೆ. ಭಕ್ತರು ತಮ್ಮ ಊರಿನ ವೀರಗಲ್ಲನ್ನು ಕಂಡಾಗ ಅದರ ಮುಂದೆ ಒಂದು ಗಳಿಗೆ ನಿಂತು, ಅದರಲ್ಲಿ ಬರೆದಿರುವ ಹೆಸರನ್ನು ಓದಿಸಿಕೊಳ್ಳಲಿ. ಅನಂತರ ತಮ್ಮ ಊರಿನಿಂದ ಸೈನ್ಯಕ್ಕೆ ಹೋಗಿ ಮರಳದವರ ಮನೆ ಯಾವುದೆಂದು ವಿಚಾರಿಸಲಿ. ಜೋಳವಾಳಿಯ ಮಾತನ್ನಾಡಿದ ಬಸವಣ್ಣನವರಿಗೆ ಅದಕ್ಕಿಂತ ಮಿಗಿಲಾದ ಅರ್ಚನೆ ಬೇರೊಂದಿರಲಾರದು.